ಪಿಂಜಾರರ ಹುಡುಗಿಯ ಪೆಟ್ಟು

ಸಿಟ್ಟು ಎಲ್ಲಾರಿಗೂ ಬರತೈತಿ. ಬಂದು ಅರ್ಧಾ ತಾಸು ಕುದೀತೈತಿ, ಒಂದ್ ಕಪ್ ಚಾ ಕುಡದ್ರ ಇಳೀತೈತಿ. ಆದ್ರ ವಾಸ್ಕೋ ಊರಿನ ಸಡಾ ಗುಡ್ಡದ ಮ್ಯಾಲಿರೋ ಕೈನಾತಗ ಬಂದ ಸಿಟ್ಟು ಹಂಗ ಇಳಿಯೋ ಪೈಕಿ ಅಲ್ಲ. ಹೋದ ವರ್ಷ ರಾಜ್ಯೋತ್ಸವದ ದಿನಾ ಬಂದದ್ದು, ಈ ವರ್ಷದ ರಾಜ್ಯೋತ್ಸವದ ತನಕ ಆಕಿ ಅದನ್ನ ಆರಾಕ ಬಿಡಲಿಲ್ಲ. ದಿನಾ ಮಧ್ಯಾಹ್ನ ಊದಿ ಊದಿ ಉರಿಸಿದ್ಲು. ಇಷ್ಟ್ಯಾಕ ಹಟಾ ಅಂತ ಕೇಳ್ತೀರೇನು? ಕೇಳ್ರಿ, ಕೇಳಿದ ಮ್ಯಾಲೆ ನಿಮಗೂ ಮೈ ಉರೀಲಿಲ್ಲಂದ್ರ ಹೇಳ್ರಿ.

ಕೈನಾತನ ಅಪ್ಪ ದಸ್ತಗೀರ ನದಾಫ ಪಿಂಜಾರ ಮನಿತನದಾಂವ. ಅಂದ್ರ ಹತ್ತಿ ಹಿಂಜಿ ಗಾದಿ, ದಿಂಬು, ಲೋಡು ಹೊಲಿಯೋ ಮಂದಿ. ಮೂವತ್ತು ವರ್ಷದ ಹಿಂದ ಇಂಡಿ ಕಡಿಂದ ಹಿಂಜೋ ಬಿಲ್ಲು ಹೆಗಲ ಮ್ಯಾಲೆ ಹಾಕ್ಕೊಂಡು ವಾಸ್ಕೋಕ್ಕ ಬಂದಾಂವ. ಓಣಿ ಓಣಿ ತಿರಗಿ, ಮಂದಿ ಹಳೇ ಗಾದಿ ಬಿಚ್ಚಿ, ಅವರ ಅಂಗಳದಾಗನ ಹತ್ತಿ ಹಿಂಜಿ, ಹೊಲದು ಕೊಟ್ಟು, ಕಡಿಗೆ ಮಾರ್ಕೆಟ್ಟಿನ ಹಿಂದ ಒಂದು ಸಣ್ಣ ಅಂಗಡಿ ಹಿಡದ. ಈಗ ಹಿಂಜಾಕ ಮಷೀನ ಐತಿ, ಬಿಲ್ಲು ಅಂಗಡಿ ಮೂಲ್ಯಾಗ ಜೋತು ಬಿದ್ದೈತಿ. ಕೈನಾತಗ ಇಪ್ಪತ್ಮೂರು ವರ್ಷ. ಅಂಗಡ್ಯಾಗ ಕುಂತು ಗಾದಿ ಕವರು ಹೊಲೀತಾಳ. ಸಾಲ್ಯಾಗ ಇದ್ದಾಗ ಗೆಳತಿ ಮನ್ಯಾಗ ಒಂದ್ ಸಲ ಗಿಟಾರ್ ಮುಟ್ಟಿದಾಕಿ, ಅದರ ಹುಚ್ಚು ಬಿಡಲಿಲ್ಲ. ಅವ್ವ ಮರಿಯಮ ಮೊದಮೊದಲು ಗೊಣಗಿದ್ಲು, ಆಮ್ಯಾಲೆ ಆಕೀನ ಹಳೇ ಸೀರಿ ಹರದು ಗಿಟಾರಿಗೆ ಚೀಲಾ ಹೊಲದು ಕೊಟ್ಲು.

ಆಕೀಗೆ ಕಲಿಸಿದಾಂವ ವಿಕ್ರಮ. ಧಾರವಾಡದ ಮಂದಿ, ಅಪ್ಪ ಬಂದರದ ಆಫೀಸಿನ್ಯಾಗ ದೊಡ್ಡ ನೌಕರಿ. ವಾಸ್ಕೋದ ಕನ್ನಡ ಬಳಗದಾಗ ಗಿಟಾರ್ ಅಂದ್ರ ವಿಕ್ರಮ, ವಿಕ್ರಮ ಅಂದ್ರ ಗಿಟಾರ್. ಕ್ಲಾಸ್ ನಡಸ್ತಾನ, ಬಳಗದ ಬ್ಯಾಂಡಿನ್ಯಾಗ ಮುಂದ ನಿಂದ್ರತಾನ, ಕೂದಲಾ ಹಿಂದ ಕಟ್ತಾನ. ಕೈನಾತ ಆತನ ಕ್ಲಾಸಿನ್ಯಾಗ ಮೂರು ವರ್ಷ ಕಲತಾಳ. "ಸರ್, ಸರ್" ಅನ್ಕೋತ ಹಿಂದ ಹಿಂದ ಅಡ್ಡಾಡ್ಯಾಳ. ಅದನ್ನ ನೆನಸಿದ್ರ ಈಗ ಆಕೀಗೆ ತನ್ನ ಮ್ಯಾಲೆನ ನಾಚಿಕಿ ಬರತೈತಿ.

ಹೋದ ವರ್ಷ ರಾಜ್ಯೋತ್ಸವದ ಕಾರ್ಯಕ್ರಮದಾಗ ಕೈನಾತಗ ಒಂದು ನಿಮಿಷ ಒಬ್ಬಾಕೀನ ಬಾರಸಾಕ ಕೊಟ್ರು. ದಸ್ತಗೀರ ಅವತ್ತು ಅಂಗಡಿ ಮುಚ್ಚಿ, ಇಸ್ತ್ರಿ ಹಾಕಿದ ಬಿಳೀ ಅಂಗಿ ಹಾಕ್ಕೊಂಡು ಮೂರನೇ ಸಾಲಿನ್ಯಾಗ ಬಂದು ಕುಂತಿದ್ದ. ಸ್ಟೇಜಿನ ಮ್ಯಾಲಿನ ಲೋಡು, ಗಾದಿ ಎಲ್ಲಾ ಅವನ ಅಂಗಡಿಯವ. ಬಾಜೂಕ ಕುಂತವರಿಗೆ "ನನ್ನ ಮಗಳ್ರಿ, ಈಗ ಬರ್ತಾಳ" ಅಂತ ಎರಡೆರಡು ಸಲ ಹೇಳಿದ್ದ.

ಬಾರಸಿದ್ಲು. ಮೊದಲಿನ ಅರ್ಧಾ ಚಲೋ ಹೋತು. ಓಟದ ಭಾಗ ಬಂತು ನೋಡ್ರಿ, ಬಲಗೈ ಹಿಡೀತು. ತಂತಿ ಮೀಟೋ ಪಿಕ್ಕು ಎರಡು ತಂತಿ ನಡುವ ಸಿಕ್ಕೊಂತು, ಬ್ಯಾಡಾದ ತಂತಿ ಗುಂಯ್ ಅಂದ್ವು, ಸ್ವರ ಒಂದಕ್ಕೊಂದು ಮೆತ್ಕೊಂಡು ಮುದ್ದಿ ಆದ್ವು. ಹೆಂಗೋ ಮುಗಿಸಿ ತಲಿ ಎತ್ತಿದ್ಲು. ಆಗ ವಿಕ್ರಮ ಮೈಕು ತಗೊಂಡ.

"ಏನೂ ತಪ್ಪು ತಿಳ್ಕೋಬ್ಯಾಡ್ರಿ. ಗಾದಿ ಅಂಗಡ್ಯಾಗ ಹತ್ತಿ ಬಡದ ಕೈ ಅದು, ಗಿಟಾರಿಗೂ ಅದೇ ಪೆಟ್ಟು ಬೀಳ್ಲಿಕ್ಕತ್ತದ. ಕೈನಾತ, ನೀ ನಿಮ್ಮಪ್ಪನ ಜೋಡಿ ಹತ್ತಿ ಹಿಂಜು, ತಂತಿ ನಮಗ ಬಿಡು!"

ಸಭಾ ಗೊಳ್ಳಂತ ನಕ್ಕಿತು. ನಗಲಿ, ಮಂದಿ ಅಂದಮ್ಯಾಲೆ ನಗೋರ. ಆದ್ರ ಕೈನಾತ ಮೂರನೇ ಸಾಲಿನ ಕಡೆ ನೋಡಿದ್ಲು. ದಸ್ತಗೀರನೂ ನಗಾಕತ್ತಿದ್ದ. ಬಾಜೂಕಿನವರು ತನ್ನ ಮುಖಾ ನೋಡ್ತಾರಂತ, ಅವರಿಗೆ ಇರಿಸುಮುರಿಸು ಆಗಬಾರದಂತ, ಹಲ್ಲು ತೋರಿಸಿ, ತಲಿ ಅಳ್ಳಾಡಿಸಿ, ಎರಡು ಚಪ್ಪಾಳಿನೂ ಹೊಡದ. ಮನಿಗೆ ಹೋದ ಮ್ಯಾಲೆ ಮರಿಯಮ "ಹೆಂಗಾತು?" ಅಂತ ಕೇಳಿದ್ರ "ಚಲೋ ಆತು, ಮಂದಿ ಭಾಳ ಖುಷಿ ಆದ್ರು" ಅಂದು ಕೈ ತೊಳಿಯಾಕ ಹೋದ. ಕೈನಾತ ತಾಟು ಸರಿಸಿ ಎದ್ಲು. ಆ ವಿಕ್ರಮನ ಬಾಯಿಲೆ ತಪ್ಪಾತು ಅನ್ನಿಸಲಿಲ್ಲಂದ್ರ ತಾನು ದಸ್ತಗೀರನ ಮಗಳ ಅಲ್ಲ, ಅಂತ ಆಕಿ ಮನಸಿನ್ಯಾಗ ಗಂಟು ಹಾಕಿದ್ಲು. ಆತನ ಕ್ಲಾಸು ಬಿಟ್ಲು.

ಒಂದು ತಿಂಗಳಾಗಿರಬೇಕು, ವಿಕ್ರಮ ತಾನಾಗಿನ ದಾರಿ ಮಾಡಿ ಕೊಟ್ಟ. ಕ್ಲಾಸಿನ ಜಾಹೀರಾತಿಗಂತ ಒಂದು ವಿಡಿಯೋ ಹಾಕಿದ. ತನ್ನ ಮನಿ ಗ್ಯಾಲರಿಯೊಳಗ ಕುಂತು, ತಾನ ಕೂಡಿಸಿದ ಒಂದು ಓಟದ ತುಕಡಿ ಬಾರಿಸಿದ್ದ. ಬಾಪರೇ, ಬೆರಳ ಕಾಣಸಲಾರದಷ್ಟು ಜೋರು. ಕಡಿಗೆ ಕ್ಯಾಮರಾ ಕಡೆ ನೋಡಿ ಅಂದಿದ್ದ: "ಇದು ನೂರೈವತ್ತರ ಸ್ಪೀಡು. ಮುಂದಿನ ರಾಜ್ಯೋತ್ಸವದಾಗ ಸ್ಟೇಜಿಗೆ ಬಂದು ನನ್ನ ಜೋಡಿ ಇದನ್ನ ಬಾರಸೋರು ಯಾರರ ಇದ್ರ ಬರ್ರಿ. ನಾ ಸೋತ್ರ ನೀವು ಹೇಳಿದ್ದು ಕೇಳ್ತೀನಿ."

ನೂರೈವತ್ತು ಅಂದ್ರ ತಾಳದ ಮಷೀನು ನಿಮಿಷಕ್ಕ ನೂರೈವತ್ತು ಸಲ ಟಿಕ್ ಅನಬೇಕು, ಒಂದೊಂದು ಟಿಕ್ಕಿಗೆ ನಾಕು ಸ್ವರ ಬೀಳಬೇಕು. ಕೈನಾತ ಲೆಕ್ಕಾ ಹಾಕಿದ್ಲು. ತನ್ನ ಕೈ ಸ್ವಚ್ಛ ಬಾರಸೋದು ಎಂಬತ್ತಕ್ಕ. ಎಂಬತ್ತು ಎಲ್ಲಿ, ನೂರೈವತ್ತು ಎಲ್ಲಿ! ಆದ್ರ ಆಕಿ ಆ ವಿಡಿಯೋನ ಫೋನಿನ್ಯಾಗ ಇಳಿಸಿಕೊಂಡ್ಲು. "ಹೇಳಿದ್ದು ಕೇಳ್ತೀ ಅಲ್ಲ ಮಗನ, ಕೇಳಸ್ತೀನಿ ತಡಿ" ಅಂದ್ಲು.

ವಾಸ್ಕೋದಾಗ ಮಧ್ಯಾಹ್ನ ಒಂದಕ್ಕ ಅಂಗಡಿ ಷಟರು ಎಳದ್ರ ಮತ್ತ ತಗಿಯೋದು ಮೂರೂವರಿಗೆ. ಊರಿಗೆ ಊರ ಉಂಡು ಅಡ್ಡಾಗತೈತಿ. ಆ ಎರಡೂವರಿ ತಾಸು ಕೈನಾತ ಅರ್ಧಾ ಇಳಿಸಿದ ಷಟರಿನ ಹಿಂದ, ಹತ್ತಿ ಮೂಟಿ ಮ್ಯಾಲೆ ಕುಂತು ಬಾರಸಾಕ ಹತ್ತಿದ್ಲು. ಅಪ್ಪ ಒಂದು ಹೊಸಾ ಗಾದಿ ಮ್ಯಾಲೆ ಅಡ್ಡಾಗಿರ್ತಿದ್ದ.

ಮೊದಲನೇ ತಿಂಗಳು ಆಕಿ ಮಾಡಿದ್ದು ಬರೇ ಹುಚ್ಚುತನ. ಮೊದಲನೇ ದಿನಾನ ನೂರಾ ಮೂವತ್ತಕ್ಕ ಇಟ್ಲು. ಹಲ್ಲು ಕಚ್ಚಿ, ಭುಜಾ ಬಿಗಿ ಹಿಡದು, ಪ್ರತಿಯೊಂದು ತಂತಿನೂ ವಿಕ್ರಮನ ಕಪಾಳ ಅಂತ ತಿಳದು ಹೊಡದ್ಲು. ಎರಡು ತಂತಿ ಹರದ್ವು, ಮಣಿಕಟ್ಟು ಬಾವು ಬಂತು. ಹೊಲಿಗಿ ಸೂಜಿ ಹಿಡಿಯಾಕ ಬರಲಾರದಂಗ ಆತು. ಮರಿಯಮ ಅರಿಷಿಣ ಬೆಚ್ಚಗ ಮಾಡಿ ಹಚ್ಚಿ, "ಹಾಳಾಗಿ ಹೋಗ್ಲಿ ಆ ಗಿಟಾರು, ಒಲಿಗೆ ಹಾಕ್ತೀನಿ ನೋಡು" ಅಂತ ಬಯ್ದ್ಲು. ಸದ್ದು ಮಾತ್ರ ಹಂಗ ಮುದ್ದಿ ಮುದ್ದಿನ.

ಕೈ ಬಾವು ಇಳದು ಮತ್ತ ಬಾರಸಾಕ ಕುಂತ ದಿನಾ ದಸ್ತಗೀರ ಕಣ್ಣು ಮುಚ್ಚಿಕೊಂಡ ಕೇಳಿದ, "ಯವ್ವಾ, ಯಾರ ಮ್ಯಾಲೆ ಐತಿ ಈ ಸಿಟ್ಟು?"

"ಯಾರ ಮ್ಯಾಲೂ ಇಲ್ಲ."

"ಮತ್ತ ಆ ತಂತಿ ನಿನಗೇನ್ ಮಾಡೈತಿ?"

ಅಪ್ಪ ಎದ್ದ. ಮೂಲ್ಯಾಗಿನ ಬಿಲ್ಲಿನ ಧೂಳಾ ಒರಸಿ, ತೊಲಿಗೆ ಹಗ್ಗಾ ಕಟ್ಟಿ ತೂಗ ಬಿಟ್ಟ. ಆಳೆತ್ತರದ ಬಿಲ್ಲು, ಅದಕ್ಕ ಕರುಳಿನ ಹುರಿ. ಕೆಳಗ ಒಂದು ಹಿಡಿ ಗಂಟು ಗಂಟಾದ ಹಳೇ ಹತ್ತಿ ಒಟ್ಟಿದ. ಎರಡೂ ತುದಿ ಗುಂಡಗಿರೋ ಕಟ್ಟಿಗಿ ಹಿಡಿ ಕೈಯಾಗ ಹಿಡದು ಹುರಿಗೆ ಹೊಡದ. ಝಂಯ್ ಅಂತು. ಹತ್ತಿ ಒಂದು ಚೂರು ಮ್ಯಾಲೆ ಹಾರಿತು. ಮತ್ತ ಹೊಡದ, ಮತ್ತ ಹೊಡದ. ಕೈ ಅಳ್ಳಾಡಿದ್ದು ಕಂಡೂ ಕಾಣಲಾರದಂಗ. ಹತ್ತಿ ಮಾತ್ರ ಅರಳಿ ಅರಳಿ ಮೊಣಕಾಲತನಕ ಬಂತು.

"ಬಾ, ನೀ ಹೊಡಿ."

ಕೈನಾತ ಎತ್ತಿ ಹೊಡದ್ಲು. ಕಟ್ಟಿಗಿ ಹುರಿಗೆ ಸಿಕ್ಕೊಂಡು ನಿಂತಿತು, ಹತ್ತಿ ಅಲ್ಲೇ ಮುದ್ದಿ ಆತು.

"ನೋಡಿದೇನು? ಹೊಡಿಯೋದು ಯಾವನಿಗರ ಬರತೈತಿ," ದಸ್ತಗೀರ ಅಂದ. "ಹೊಡದ ಮ್ಯಾಲೆ ಬಿಡಿಸಿಕೊಂಡು ಹೊರಗ ಬರಬೇಕು. ಕಟ್ಟಿಗಿ ಸೀದಾ ಹಿಡದ್ರ ಹುರಿಯೊಳಗ ಹುಗದು ಹೋಗತೈತಿ. ಒಂದ್ ನವರು ವಾರಿ ಹಿಡಿ, ಚೂರ ಓರೆಯಾಗಿ. ಹೊಡದದ್ದ ತಾನ ಜಾರಿ ಮ್ಯಾಲೆ ಬರಬೇಕು. ಭುಜಾ ಬಿಡು, ಮೊಣಕೈ ಬಿಡು. ಕೆಲಸಾ ಹುರಿ ಮಾಡಲಿ, ನೀ ಬರೇ ಎಬ್ಬಸು. ನಮ್ಮಪ್ಪ ನನಗ ಮೊದಲನೇ ವರ್ಷ ಜೋರು ಹೊಡಿಯಾಕ ಬಿಡಲೇ ಇಲ್ಲ. ಸಾವಕಾಶ ಹೊಡದು ಸ್ವಚ್ಛ ಬಂದ್ರ ಅಷ್ಟ ಜೋರು ಹೊಡಿಯಾಕ ಪರವಾನಗಿ."

ಕೈನಾತ ಆ ಮಧ್ಯಾಹ್ನ ಗಿಟಾರ್ ಮುಟ್ಟಲಿಲ್ಲ. ಬರೇ ಹತ್ತಿ ಹಿಂಜಿದ್ಲು. ಮೂಗಿನ್ಯಾಗ, ಕೂದಲದಾಗ ಹತ್ತಿ ತುಂಬ್ಕೊಂಡು, ಮೂರು ಗಂಟೆ ಹೊತ್ತಿಗೆ ಕಟ್ಟಿಗಿ ಹುರಿಗೆ ಸಿಗೋದು ನಿಂತಿತು. ವಿಕ್ರಮ ಮೂರು ವರ್ಷದಾಗ ಒಂದ್ ಸಲನೂ ಇದನ್ನ ಹೇಳಿದ್ದಿಲ್ಲ. "ಇನ್ನೂ ಪ್ರ್ಯಾಕ್ಟೀಸ್ ಮಾಡು, ಇನ್ನೂ ಮಾಡು" ಅಂತಿದ್ದ ಅಷ್ಟ. ಏನು ಮಾಡಬೇಕು ಅಂತ ಹೇಳಿದ್ರ ತನ್ನ ಗಂಟೇನು ಹೋಗತಿತ್ತು ಆತಗ?

ಮರುದಿನದಿಂದ ತಾಳದ ಮಷೀನು ಅರವತ್ತಕ್ಕ ಇಳೀತು. ಪಿಕ್ಕಿನ ತುದಿ ಅಕ್ಕಿ ಕಾಳಿನಷ್ಟ ಹೊರಗ ಬಿಟ್ಟು, ಒಂದ್ ನವರು ವಾರಿ ಹಿಡದು, ಒಂದ ತಂತಿ ಮ್ಯಾಲೆ ಕೆಳಗ-ಮ್ಯಾಲೆ, ಕೆಳಗ-ಮ್ಯಾಲೆ. ಆಮ್ಯಾಲೆ ಎರಡು ತಂತಿ. ಒಂದು ತಂತಿಯಿಂದ ಮತ್ತೊಂದಕ್ಕ ದಾಟೋ ಆ ಜಿಗಿತ ಒಂದನ್ನ ದಿನಕ್ಕ ಐನೂರು ಸಲ. ಬಾರಸಲಾರದ ತಂತಿ ಮ್ಯಾಲೆ ಅಂಗೈ ಬುಡಾ ಒರಗಿಸಿ ಬಾಯಿ ಮುಚ್ಚಿಸೋದು. ಬಾರಿಸಿದ್ದನ್ನ ಫೋನಿನ್ಯಾಗ ಹಿಡದು ತಾನ ಕೇಳೋದು. ಒಂದು ಸ್ವರ ಮಸಕಾಗಿದ್ರೂ ಮತ್ತ ಮೊದಲಿಂದ. ಮೂರು ದಿನಾ ಒಂದೂ ತಪ್ಪಿಲ್ಲದಂಗ ಬಂದ್ರ ಮಷೀನು ಎರಡ ಎರಡ ಅಂಕಿ ಮ್ಯಾಲೆ. ಸಿಟ್ಟು ಎಲ್ಲೂ ಹೋಗಿದ್ದಿಲ್ಲ. ಕೈಯಾಗಿಂದ ಇಳದು ಹೊಟ್ಟ್ಯಾಗ ಗಟ್ಟಿಯಾಗಿ ಕುಂತಿತ್ತು. ಬ್ಯಾಸರ ಬಂದ ದಿನಾ ಆಕಿ ಆ ವಿಡಿಯೋ ಹಚ್ಚಿ ವಿಕ್ರಮನ ಮುಖಾ ನೋಡ್ತಿದ್ಲು, ಬ್ಯಾಸರ ಓಡಿ ಹೋಗತಿತ್ತು.

ಮಳಿಗಾಲ ಬರೋದ್ರಾಗ ನೂರು ಆತು. ಷಟರಿನ ಮ್ಯಾಲೆ ಮಳಿ ಬಡಿಯೋ ಸದ್ದಿನ್ಯಾಗ ಟಿಕ್ ಟಿಕ್ ಕೇಳಸಲಾರದಂಗ ಆದಾಗ ಕಿವಿಗೆ ವೈರು ಹಾಕ್ಕೊಂಡು ಬಾರಿಸಿದ್ಲು. ಗಣಪತಿ ಹಬ್ಬಕ್ಕ ನೂರಾ ಇಪ್ಪತ್ತೆರಡು. ಅಲ್ಲಿಂದ ಮುಂದ ಅಂಕಿ ಹಿಡಕೊಂಡು ಕುಂತಿತು, ಮೂರು ವಾರ ಏನ್ ಮಾಡಿದ್ರೂ ಏರಲಿಲ್ಲ. ಅತ್ಲು. ಗೋಡಿಗೆ ಪಿಕ್ಕು ಒಗದ್ಲು, ಮತ್ತ ಹತ್ತ್ಯಾಗ ಹುಡಿಕಿ ತಗದ್ಲು. ವಿಡಿಯೋ ಮತ್ತ ಮತ್ತ ನೋಡಿದ್ಲು. "ಆ ನಾಯಿಗೆ ಬರತೈತಿ, ನನಗ್ಯಾಕ ಬರವಲ್ದು? ಆತನ ಕೈಯಾಗ ಏನೈತಿ?" ಕಡಿಗೆ ಬ್ಯಾರೇ ದಾರಿ ಕಾಣದ ಮತ್ತ ತೊಂಬತ್ತಕ್ಕ ಇಳದು ಬಂದ್ಲು. ಎರಡು ತಂತಿ ದಾಟುವಾಗ ತಾನು ಉಸರು ಹಿಡೀತೀನಿ ಅನ್ನೋದು ಆಗ ಗೊತ್ತಾತು. ಉಸರು ಬಿಟ್ಲು, ಕೈ ಸಡಿಲಾತು, ಅಲ್ಲಿಂದ ಮುಂದ ಅಂಕಿ ದಿನಕ್ಕ ಐದೈದು ಏರಿತು. ಅಕ್ಟೋಬರ ನಡುವಿನ ಒಂದು ಮಧ್ಯಾಹ್ನ ನೂರೈವತ್ತಕ್ಕ ಆ ಇಡೀ ತುಕಡಿ, ಒಂದೊಂದು ಸ್ವರ ಎಣಿಸಬಹುದು ಅನ್ನೋಹಂಗ ಬಂತು. ದಸ್ತಗೀರ ಎದ್ದು ಕುಂತು, "ಹಿಂಗ ಅರಳಬೇಕು ನೋಡು" ಅಂದ.

ಆ ಸಂಜಿ ಖುಷೀಲೆ ಅವ್ವಗ ವಿಡಿಯೋ ತೋರಿಸಿದ್ಲು. "ಇದನ್ನ ನೋಡವ್ವ, ಇದನ್ನ ನಾ ಈಗ ಬಾರಸ್ತೀನಿ."

ಮರಿಯಮಗ ಗಿಟಾರಿನ ಗೊಡವಿ ಎಲ್ಲಿಂದು? ಆಕಿ ನೋಡಿದ್ದು ವಿಕ್ರಮನ ಹಿಂದ. ಅಲ್ಲೆ ಗ್ಯಾಲರಿಯೊಳಗ ವಿಕ್ರಮನ ಅಜ್ಜಿ ಸರಸ್ವತಿಬಾಯಿ ಒಣಗಿದ ಬಟ್ಟಿ ತಗೊಂಡು ಈ ತುದಿಯಿಂದ ಆ ತುದಿಗೆ ಹೋಗತಿದ್ಲು.

"ಯಾ ಅಲ್ಲಾ! ಈ ಮುದುಕಿ ಹಿಂಗ್ಯಾಕ ಓಡಾಕತ್ತಾಳ?" ಮರಿಯಮ ಫೋನು ಕಣ್ಣ ಹತ್ತರ ಹಿಡದ್ಲು. "ಮೊಣಕಾಲ ಎರಡೂ ಹೋಗ್ಯಾವ ಆಕೀವು. ಹೋದ ವರ್ಷ ದೀಪಾವಳಿಗೆ ದಿಂಬು ಕೊಡಾಕ ಹೋದಾಗ ಬಾಗಲಾ ತಗ್ಯಾಕ ಬರೋದ್ರಾಗ ನನಗ ಒಂದು ನಿದ್ದಿ ಆತು. ಇಲ್ಲಿ ನೋಡಿದ್ರ ಕೋಳಿ ಹಂಗ ಟುಕುಟುಕು ಓಡತಾಳ!"

ಕೈನಾತ ಫೋನು ಕಸಗೊಂಡ್ಲು. ಹೌದು, ಅಜ್ಜಿ ಓಡಾಕತ್ತಾಳ. ಗ್ಯಾಲರಿ ತಂತಿ ಮ್ಯಾಲಿನ ಪಂಜೆ ಗಾಳಿಗೆ ಪಟಪಟ ಹಾರಾಡತೈತಿ, ಯಾವ ಗಾಳಿನೂ ಹಂಗ ಹಾರಸೂದಿಲ್ಲ. ಹತ್ತು ತಿಂಗಳಾತು, ಆಕಿ ಬರೇ ವಿಕ್ರಮನ ಕೈ, ವಿಕ್ರಮನ ಮುಖಾ ನೋಡ್ಯಾಳ, ಹಿಂದ ಏನೈತಿ ಅಂತ ಕಣ್ಣೆತ್ತಿ ನೋಡಿದ್ದಿಲ್ಲ. ಫೋನಿನ್ಯಾಗ ವಿಡಿಯೋದ ವೇಗ ಇಳಿಸಿಕೋತ ಬಂದ್ಲು. ಅಜ್ಜಿ ಅಜ್ಜಿ ಹಂಗ ನಡದದ್ದು ಯಾವಾಗ ಗೊತ್ತೇನು? ಗಿಟಾರು ನೂರಾ ಇಪ್ಪತ್ತಕ್ಕ ಇಳದಾಗ. ಆ ಖೋಡಿ ನೂರಾ ಇಪ್ಪತ್ತಕ್ಕ ಬಾರಿಸಿ, ಸ್ವರ ಏರಲಾರದಂಗ ಫೋನಿನ್ಯಾಗ ಓಡಿಸಿ, ನೂರೈವತ್ತು ಅಂತ ಊರಿಗೆಲ್ಲಾ ಹೇಳಿದ್ದ. ಕಡಿಗೆ ಕ್ಯಾಮರಾ ನೋಡಿ ಅಂದ ಮಾತು ಬ್ಯಾರೇ ಹಿಡದು ಆಮ್ಯಾಲೆ ಹಚ್ಚಿದ್ದ, ಅದಕ್ಕ ಆ ದನಿ ಮಾತ್ರ ಓಡಿದ್ದಿಲ್ಲ.

ಕೈನಾತಗ ಮೊದಲು ಅಳು ಬಂತು. ಇಲ್ಲದ ಅಂಕಿ ಬೆನ್ನು ಹತ್ತಿ ಹತ್ತು ತಿಂಗಳ ಕೈ ಸವಿಸಿದ್ಲಲ್ಲ! ಆಮ್ಯಾಲೆ ನಗು ಬಂತು, ಎಂಥಾ ನಗು ಅಂದ್ರ ಮರಿಯಮ "ಹುಡುಗಿಗೆ ಗಾಳಿ ಹಿಡೀತೇನು" ಅಂತ ಹಣಿ ಮುಟ್ಟಿ ನೋಡಿದ್ಲು.

ಬಳಗದ ಬ್ಯಾಂಡಿನ್ಯಾಗ ಡ್ರಮ್ಮು ಬಾರಸೋ ತನ್ವಿ ಆಕೀ ಗೆಳತಿ. ಮರುದಿನ ತನ್ವಿ ಬೈಕು ತಗೊಂಡು ಅಂಗಡಿಗೆ ಬಂದಾಗ ಕೈನಾತ ಎಲ್ಲಾ ಹೇಳಿದ್ಲು. ತನ್ವಿ ಕುಣದಾಡಿದ್ಲು. "ಈಗಿಂದೀಗ ಹಾಕು! ಆತ ಓಡಿಸಿದ್ದು, ನೀ ಇಳಿಸಿದ್ದು, ಎರಡೂ ವಿಡಿಯೋ ಬಾಜೂ ಬಾಜೂ ಹಾಕು. ಸಂಜಿ ಆಗೋದ್ರಾಗ ವಿಕ್ರಮ ಸರ್ ವಾಸ್ಕೋ ಬಿಟ್ಟು ಓಡಿ ಹೋಗ್ತಾರ."

"ಹಾಕಿದ್ರ ಏನಾಗತೈತಿ? ಎಡಿಟಿಂಗಿನ್ಯಾಗ ತಪ್ಪಾಗೈತಿ ಅಂತಾನ, ಅಳಿಸಿ ಹಾಕ್ತಾನ. ಎರಡು ದಿನಾ ಮಂದಿ ಫೋನಿನ್ಯಾಗ ನಗ್ತಾರ. ಅಷ್ಟಕ್ಕ ನಾ ಈ ಕೈ ಮಾಡಿಕೊಂಡೀನೇನು?" ಕೈನಾತ ಹೊಲಿಗಿ ದಾರಾ ಹಲ್ಲಿಲೆ ಕಡದ್ಲು. "ಆತನ ಬಾಯಿ ಸುಳ್ಳು ಹೇಳತೈತಿ ತನ್ವಿ, ಬೆರಳು ಹೇಳೂದಿಲ್ಲ. ಎಲ್ಲಾರ ಮುಂದ ಬೆರಳಿನ ಬಾಯಿ ಬಿಡಸ್ತೀನಿ. ನೀ ಒಂದ ಕೆಲಸಾ ಮಾಡು, ಅವತ್ತು ತಾಳದ ಮಷೀನು ನಿನ್ನ ಹತ್ತರ ಇರಲಿ. ನಾ ಹೇಳಿದ ಅಂಕಿಗೆ ಇಡು, ಅಂಕಿ ಮೈಕಿನ್ಯಾಗ ಗಟ್ಟಿಯಾಗಿ ಹೇಳು."

ತನ್ವಿ ಆಕೀ ಮುಖಾ ನೋಡಿ, "ನಿನ್ನ ಜೋಡಿ ವೈರ ಕಟ್ಟಿಕೋಬಾರದವಾ" ಅಂದು ಒಪ್ಪಿದ್ಲು.

ರಾಜ್ಯೋತ್ಸವದ ಸಂಜಿ ಸಭಾ ತುಂಬಿತ್ತು. ಮುಂದಿನ ಸಾಲಿನ್ಯಾಗ ಸರಸ್ವತಿಬಾಯಿ ರೇಷ್ಮಿ ಸೀರಿ ಉಟ್ಟು, ಕೋಲು ತೊಡಿ ಮ್ಯಾಲೆ ಇಟ್ಕೊಂಡು ಕುಂತಿದ್ಲು. ಮೂರನೇ ಸಾಲಿನ್ಯಾಗ ದಸ್ತಗೀರ, ಮರಿಯಮ. ದಸ್ತಗೀರ ಬರಾಂಗಿಲ್ಲ ಅಂದಿದ್ದ, ಕೈನಾತ ಕೈ ಹಿಡದು ಎಳಕೊಂಡು ಬಂದಿದ್ಲು. ವಿಕ್ರಮ ಎರಡು ಹಾಡು ಬಾರಿಸಿ, ಚಪ್ಪಾಳಿ ತಗೊಂಡು, ಹಲ್ಲು ಕಿಸದು ಕೇಳಿದ, "ಮತ್ತ? ನನ್ನ ಸವಾಲು ಯಾರಿಗಾದ್ರೂ ನೆನಪದ ಏನು?"

"ನನಗೈತ್ರಿ ಸರ್," ಅನಕೋತ ಕೈನಾತ ಗಿಟಾರ್ ಹಾಕ್ಕೊಂಡ ಮೆಟ್ಟಲಾ ಹತ್ತಿದ್ಲು.

ವಿಕ್ರಮ ನಕ್ಕ. "ಬಾ ಬಾ, ಸಂತೋಷ. ಆದ್ರ ನೋಡು, ಸ್ಟೇಜಿನ ಮ್ಯಾಲೆ ಅಷ್ಟು ಸ್ಪೀಡು ಛಂದ ಕೇಳಸೂದಿಲ್ಲ. ನೂರಾ ಹತ್ತಕ್ಕ ಬಾರಸೋಣ, ಭಾವ ಇರ್ತದ."

"ಭಾವ ಆಮ್ಯಾಲೆ ನೋಡೋಣ್ರಿ. ವಿಡಿಯೋದಾಗ ನೂರೈವತ್ತು ಅಂದೀರಿ. ಎಲ್ಲಾರೂ ನೋಡ್ಯಾರ." ಸಭಾದ ಕಡೆ ತಿರಗಿದ್ಲು. "ನೂರೈವತ್ತು ಬಾರಸೋಣೇನ್ರಿ?"

"ಬಾರಸ್ರಿ!" ಅಂತ ಹಿಂದಿನ ಸಾಲಿನವರು ಒದರಿದ್ರು. ತನ್ವಿ ಮೈಕಿಗೆ ಬಾಯಿ ಹಚ್ಚಿ, "ನೂರೈವತ್ತು!" ಅಂದು ಮಷೀನು ಒತ್ತಿದ್ಲು.

ಇಬ್ಬರೂ ಕೂಡೇ ಸುರು ಮಾಡಿದ್ರು. ಎರಡು ಸಾಲು ವಿಕ್ರಮ ಹೆಂಗೋ ಹಿಡದ. ಮೂರನೇದಕ್ಕ ತಂತಿ ದಾಟಬೇಕು, ಪಿಕ್ಕು ಸಿಕ್ಕೊಂತು, ಗುಂಯ್ ಅಂತು, ನಿಂತ. ಕೈನಾತ ನಿಲ್ಲಲಿಲ್ಲ. ಆತನ ಮುಖಾ ನೋಡಕೋತನ ಇಡೀ ತುಕಡಿ ಮುಗಿಸಿದ್ಲು. ಒಂದೊಂದು ಸ್ವರ ಬ್ಯಾರೇ ಬ್ಯಾರೇ ಬಿತ್ತು, ಬ್ಯಾಡಾದ ತಂತಿ ಒಂದೂ ಉಸರು ಬಿಡಲಿಲ್ಲ. ಸಭಾ ಎದ್ದು ಚಪ್ಪಾಳಿ ಹೊಡೀತು. ಬ್ಯಾರೇ ಯಾರರ ಆಗಿದ್ರ ಅಲ್ಲಿಗೇ ಗಿಟಾರ್ ಇಳಸತಿದ್ರು. ಈಕಿ ಇಳಸಾಕಿ ಅಲ್ಲ.

"ವೈರು ಸಡಿಲಾಗ್ಯದ," ವಿಕ್ರಮ ಅಂದ, ಬಗ್ಗಿ ವೈರು ತಿರುವಿದ.

"ಹೌದೇನ್ರಿ? ಸರಿ ಮಾಡ್ಕೋರಿ. ಸ್ವಲ್ಪ ಇಳಸೋಣ. ತನ್ವಿ, ನಲವತ್ತು."

"ನೂರಾ ನಲವತ್ತು!" ತನ್ವಿ ಒದರಿದ್ಲು.

ನೂರಾ ನಲವತ್ತಕ್ಕೂ ಅಲ್ಲೇ ಸಿಕ್ಕೊಂಡ. ಕೈನಾತ ಮತ್ತ ಪೂರ್ತಿ ಬಾರಿಸಿದ್ಲು, ಒಂದೂ ಕಡಿಮಿ ಮಾಡಲಿಲ್ಲ. ನೂರಾ ಮೂವತ್ತು. ವಿಕ್ರಮ ಹಣಿ ಒರಸಿಕೊಂಡ. ಅದಕ್ಕೂ ಮುದ್ದಿ. ಸಭಾದಾಗ ಚಪ್ಪಾಳಿ ನಿಂತಿತ್ತು, ಕೆಲವರು ಬಾಯಿಗೆ ಕೈ ಹಚ್ಚಿ ನಗತಿದ್ರು. ಹೊಟ್ಟ್ಯಾಗ ಒಂದು ವರ್ಷ ಉರದದ್ದು ಈಗ ತಣ್ಣಗಾಗಾಕತ್ತಿತ್ತು, ಕೈನಾತಗ ಭಾಳ ಚಲೋ ಅನಸ್ತು. ಸುಳ್ಳು ಯಾಕ ಹೇಳಬೇಕು, ಬಾಯಾಗ ಸಕ್ಕರಿ ಹಾಕಿದಷ್ಟು ಚಲೋ ಅನಸ್ತು.

"ಸಾಕು ಬಿಡು ಕೈನಾತ," ವಿಕ್ರಮ ಸಣ್ಣ ದನಿಯೊಳಗ ಅಂದ.

"ಇನ್ನೊಂದ ಸಲ ಸರ್. ತನ್ವಿ, ಇಪ್ಪತ್ತು."

ನೂರಾ ಇಪ್ಪತ್ತಕ್ಕ ವಿಕ್ರಮ ಕಡೀತನಕ ಸ್ವಚ್ಛ ಬಾರಿಸಿದ. ಒಂದೂ ತಪ್ಪಲಿಲ್ಲ. ಖರೇ ಹೇಳಬೇಕಂದ್ರ ಛಂದ ಬಾರಿಸಿದ.

ಕೈನಾತ ಮೈಕಿನ ಮುಂದ ಬಂದ್ಲು. "ವಿಕ್ರಮ ಸರ್ ಖರೇ ಸ್ಪೀಡು ಇದು, ನೂರಾ ಇಪ್ಪತ್ತು. ಆ ವಿಡಿಯೋ ಬಾರಿಸಿದ್ದೂ ಇಷ್ಟಕ್ಕನ, ಆಮ್ಯಾಲೆ ಫೋನಿನ್ಯಾಗ ಓಡಿಸ್ಯಾರ. ಹೌದಲ್ರಿ ಸರ್?" ಅಜ್ಜಿ ಓಡಿದ ಮಾತು ನಾಲಿಗಿ ತುದಿಗೆ ಬಂದಿತ್ತು. ಆದ್ರ ಮುಂದಿನ ಸಾಲಿನ್ಯಾಗ ಸರಸ್ವತಿಬಾಯಿ ಏನಾಗೇದ ಅಂತ ತಿಳೀದ ಪಿಳಿಪಿಳಿ ನೋಡತಿದ್ಲು. ಸಭಾ ಆ ಮುದುಕಿ ಮೊಣಕಾಲ ನೋಡಿ ನಗೋದು ಕೈನಾತಗ ಬೇಕಿರಲಿಲ್ಲ. ಆ ಮಾತು ನುಂಗಿದ್ಲು.

ವಿಕ್ರಮ ತಲಿ ಕೆಳಗ ಹಾಕಿದ. ಅದ ಉತ್ತರ ಆತು.

"ಸೋತ್ರ ಹೇಳಿದ್ದು ಕೇಳ್ತೀನಿ ಅಂದಿದ್ರಿ," ಕೈನಾತ ಅಂದ್ಲು.

ವಿಕ್ರಮ ಹತ್ತರ ಬಂದು, ಮೈಕಿಗೆ ಬೆನ್ನು ಮಾಡಿ, ಪಿಸುಗುಟ್ಟಿದ. "ಗೊತ್ತದ ನಿನಗ ಏನು ಬೇಕಂತ. ತಪ್ಪಾತು. ಅವತ್ತು ಮಾತಿನ ಭರದಾಗ ಅಂದುಬಿಟ್ಟೆ. ತಪ್ಪಾತು, ಆತಿಲ್ಲೋ? ಈಗ ಇಳದು ಹೋಗು."

"ನನಗ ಅಲ್ರಿ. ಅಲ್ಲೆ ಕುಂತಾನ ನೋಡ್ರಿ ನಮ್ಮಪ್ಪ, ಆತಗ ಹೇಳ್ರಿ. ಮೈಕಿನ್ಯಾಗ ಹೇಳ್ರಿ. ಅವತ್ತು ಮೈಕಿನ್ಯಾಗನ ಅಂದಿದ್ರಿ."

ವಿಕ್ರಮ ಅತ್ತಿತ್ತ ನೋಡಿದ. ತನ್ವಿ ಡ್ರಮ್ಮಿನ ಕೋಲು ಕೆಳಗಿಟ್ಟು ಕೈ ಕಟ್ಟಿ ಕುಂತಿದ್ಲು. ಯಾರೂ ಬಿಡಿಸಿಕೊಳ್ಳಾಕ ಬರಲಿಲ್ಲ. ಮೈಕು ಹಿಡದ. "ದಸ್ತಗೀರ ಕಾಕಾ," ಅಂದ. "ಹೋದ ವರ್ಷ ಇಲ್ಲೇ ನಾ ನಿಮ್ಮ ಕೆಲಸದ ಬಗ್ಗೆ..."

ಅಷ್ಟರಾಗ ದಸ್ತಗೀರ ಮೂರನೇ ಸಾಲಿನ್ಯಾಗ ಧಡಾರನ ಎದ್ದು ನಿಂತ. ಎರಡೂ ಕೈ ಜೋಡಿಸಿ, ಬಾಜೂಕಿನವರ ಕಡೆ ಒಮ್ಮೆ, ಸ್ಟೇಜಿನ ಕಡೆ ಒಮ್ಮೆ ನೋಡಿ, ಹಲ್ಲು ತೋರಿಸಿ ನಗಾಕ ಹತ್ತಿದ. "ಇರ್ಲಿ ಬಿಡ್ರಿ ಸರ್! ಅದರಾಗೇನೈತಿ, ಚಾಷ್ಟಿ ಮಾತು ಅದು. ನಾವೇನೂ ಮನಸಿಗೆ ಹಚ್ಚಿಕೊಂಡಿಲ್ರಿ, ಬಿಡ್ರಿ ಬಿಡ್ರಿ..."

"ಅಪ್ಪಾ, ಕುಂದ್ರು!"

ಕೈನಾತ ಹಂಗ ಅಪ್ಪನ ಮ್ಯಾಲೆ ಹುಟ್ಟಿದಾಗಿನಿಂದ ಒದರಿದಾಕಿ ಅಲ್ಲ. ದನಿ ಸಭಾದ ಹಿಂದಿನ ಬಾಗಲತನಕ ಹೋತು.

"ಅವರದಿನ್ನೂ ಮುಗದಿಲ್ಲ," ಅಂದ್ಲು, ಈ ಸಲ ಮೆಲ್ಲಕ.

ದಸ್ತಗೀರ ಕೈ ಬಿಚ್ಚಿದ. ಸಾವಕಾಶ ಕುಂತ. ಮುಖದ ಮ್ಯಾಲಿನ ನಗು ಹೋತು. ನಗು ಹೋದ ಆ ಮುಖಾ ನೋಡಿದ ಮ್ಯಾಲೆ, ಅಪ್ಪಗ ಅವತ್ತು ಎಷ್ಟು ನೋವಾಗಿತ್ತು ಅನ್ನೋದು ಕೈನಾತಗ ಈ ಒಂದು ವರ್ಷದಾಗ ಮೊದಲನೇ ಸಲ ಪೂರ್ತಿ ಗೊತ್ತಾತು. ಮರಿಯಮ ಗಂಡನ ಮೊಣಕೈ ಹಿಡಕೊಂಡ್ಲು.

ವಿಕ್ರಮ ಮೈಕು ಎರಡೂ ಕೈಲೆ ಹಿಡದು, ಮತ್ತ ಮೊದಲಿಂದ ಸುರು ಮಾಡಿದ.